ಕಾಕಂಬಿಯ ಮೆರುಗು

ಬಿಂಡಿಗನವಿಲೆಯ ಬೈರಮ್ಮ ಬಸ್ಸಿಳಿದವಳೇ ಸೀದಾ ಅಕ್ಕಸಾಲಿಗರ ಬೀದಿಗೆ ಬಂದು, ಅಂಗಡಿಯ ಹೊಸ್ತಿಲ ಮೇಲೆ ಕುಳಿತು, ಸೆರಗಿನ ಗಂಟು ಬಿಚ್ಚಿ ಒಂದು ಜೊತೆ ಬೆಂಡೋಲೆಯನ್ನು ಶಿವುವಿನ ಮುಂದೆ ಇಟ್ಟಳು.

"ನೋಡಪ್ಪ, ನೀನು ಕೂರ್ಸಿದ್ ಕಲ್ಲು ಬಿರುಕು ಬುಟ್ಟದೆ. ನಮ್ಮ ಮಗ್ಳು ಅನು ಮದುವೇಲಿ ಇದನ್ನ ಇಕ್ಕಳಾದಾ?"

ಒಳಗೆ ಅವರೆಕಾಳು ಹಿದುಕುತ್ತಿದ್ದ ಸುಬ್ಬಮ್ಮನ ಕೈ ನಿಂತಿತು. ನಾಗಮಂಗಲದ ಆ ಮನೆಯಲ್ಲಿ ಮುಂದಿನ ಕೋಣೆಯೇ ಅಂಗಡಿ. ಅಲ್ಲಿ ಆಡಿದ ಮಾತು ಅಡುಗೆಮನೆಗೆ ಬರುತ್ತದೆ, ಇಲ್ಲಿ ಹಾಕಿದ ಒಗ್ಗರಣೆ ಅಲ್ಲಿಗೆ ಹೋಗುತ್ತದೆ. ಸುಬ್ಬಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಾಗಿಲ ಮರೆಗೆ ಬಂದು ನಿಂತಳು. ಜಗಲಿಯ ಮೇಲೆ ಪೇಪರು ಓದುತ್ತಿದ್ದ ಅವಳ ಗಂಡ ಲಕ್ಷ್ಮಣಾಚಾರಿಯೂ ಕನ್ನಡಕ ಮೇಲೇರಿಸಿಕೊಂಡು ಒಳಗೆ ಇಣುಕಿದ.

ಮಗ ಶಿವು ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಓಲೆಯನ್ನು ಬೆಳಕಿಗೆ ಹಿಡಿದ. ನಡುವಿನ ಕೆಂಪು ಹರಳಿನಲ್ಲಿ ಅಡ್ಡಕ್ಕೆ ಒಂದು ಗೆರೆ. ಹರಳು ಹಿಡಿದಿದ್ದ ಕಟ್ಟನ್ನು ಮೆಲ್ಲಗೆ ಎಬ್ಬಿಸಿ, ಚಿಮಟದಲ್ಲಿ ಕಲ್ಲು ಎತ್ತಿ ಬಿಳಿ ಕಾಗದದ ಮೇಲಿಟ್ಟ. ಅದರ ಅಡಿಯಿಂದ ಮತ್ತೇನನ್ನೋ ಎತ್ತಿದ.

"ಬಿರುಕಲ್ಲ ಬೈರಮ್ಮೋರೆ. ಕಲ್ಲು ಗಟ್ಟಿಯಾಗದೆ. ಅಡೀಲಿ ಒಂದು ಕೂದ್ಲು ಸಿಗಾಕ್ಕೊಂಡಿತ್ತು."

"ಕೂದ್ಲಾ? ಯಾರ್ದು?"

ಅಷ್ಟರಲ್ಲಿ ಶಿವು ಕುಳಿತಿದ್ದ ಮಣೆಯ ಹಿಂದಿನಿಂದ ಮನೆಯ ನಾಯಿ ಕಾಕಂಬಿ ಎದ್ದಿತು. ಮುಂಗಾಲು ಚಾಚಿ ಮೈ ಮುರಿಯಿತು, ಬಾಯಿ ತೆರೆದು ಆಕಳಿಸಿತು, ಆಮೇಲೆ ಕಿವಿಯಿಂದ ಬಾಲದ ತನಕ ಪಟಪಟ ಒದರಿಕೊಂಡಿತು. ಕಿಟಕಿಯಿಂದ ಬಿದ್ದಿದ್ದ ಬಿಸಿಲಿನ ಕೋಲಿನಲ್ಲಿ ಸಣ್ಣ ಸಣ್ಣ ಕೂದಲು ಎದ್ದು, ತೇಲಿ, ಅವಸರವಿಲ್ಲದೆ ಕೆಲಸದ ಹಲಗೆಯ ಮೇಲೆ ಇಳಿದವು.

"ಗೊತ್ತಾಯ್ತು ಬುಡು ಯಾರ್ದು ಅಂತ," ಎಂದಳು ಬೈರಮ್ಮ.

ಅವಳು ಜಗಳ ಮಾಡಿದ್ದರೆ ವಾಸಿಯಾಗಿತ್ತು. ಮಾಡಲಿಲ್ಲ. ಸುಬ್ಬಮ್ಮ ಕೊಟ್ಟ ಕಾಫಿ ಕುಡಿದಳು, ಅವರೆಕಾಳು ಈ ಸಲ ಸೊಗಡು ಚೆನ್ನಾಗಿದೆ ಎಂದಳು. ಬಸ್ಸಿಗೆ ಏಳುವಾಗ ಮಾತ್ರ, "ಮದುವೆ ಒಡವೇಲಿ ನಾಯಿ ಕೂದ್ಲು ಇತ್ತು ಅಂತ ಬೀಗರಿಗೆ ಗೊತ್ತಾದ್ರೆ ನನ್ನ ಮುಖ ಎಲ್ಲಿ ಮಡಿಕ್ಕೊಳ್ಳಾದು ಆಚಾರ್ರೇ? ವಸಿ ನೋಡ್ಕಳಿ," ಎಂದು ಓಲೆಯನ್ನು ಅಲ್ಲೇ ಬಿಟ್ಟು ಹೋದಳು.

ಅಂದು ರಾತ್ರಿ ಊಟಕ್ಕೆ ಹಿದುಕಿದ ಅವರೆಬೇಳೆಯ ಸಾರು, ರಾಗಿಮುದ್ದೆ. ಅಂಥ ಸಾರು ಮಾಡಿದ ದಿನ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ, ಬಾಯಿಗೆ ಬೇರೆ ಕೆಲಸವಿರುತ್ತದೆ. ಅಂದು ಮಾತ್ರ ಮುದ್ದೆ ತಣ್ಣಗಾಯಿತು.

"ನಾಯಿ ಈ ಮನೇಲಿ ಇರಾಕಿಲ್ಲ," ಎಂದ ಶಿವು, ತಟ್ಟೆ ನೋಡುತ್ತ. "ತಮ್ಮಯ್ಯ ಮಾವನ್ಗೆ ಫೋನ್ ಮಾಡಿದ್ದೆ. ಬೆಳ್ಳೂರು ಕ್ರಾಸ್ ಓಟ್ಲು ಹಿಂದೆ ಕಾವಲಿಗೆ ಒಂದು ನಾಯಿ ಬೇಕಂತೆ. ಸಂಕ್ರಾಂತಿ ಆದ್ಮೇಲೆ ಬಂದು ಕರ್ಕೊಂಡು ಓಗ್ತೀನಿ ಅಂದವ್ನೆ."

ತಮ್ಮಯ್ಯ ಎಂದರೆ ಸುಬ್ಬಮ್ಮನ ತಮ್ಮ. ಅಕ್ಕಸಾಲೆ ಕೆಲಸಕ್ಕೆ ಕೂರಲಾರೆನೆಂದು ಹೆದ್ದಾರಿಯ ಪಕ್ಕ ಇಡ್ಲಿ ವಡೆ ಹೋಟೆಲು ಹಾಕಿ ಚೆನ್ನಾಗಿಯೇ ಇದ್ದ.

ಸೊಸೆ ಯಶಸ್ವಿನಿ ಸಾರಿನ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು. "ಅಲ್ಲಿ ಚೈನಿಗೆ ಕಟ್ಟಾಕ್ತಾರೆ. ಅದು ಹುಟ್ಟಿದಾಗಿಂದ ಕಟ್ಟಾಕಿಸ್ಕೊಂಡಿಲ್ಲ. ಚೈನು ಬಿಚ್ಕೊಂಡ್ರೆ ಎದುರಿಗೆ ಲಾರಿಗಳು. ದಿನಾ ಆ ಕ್ರಾಸಲ್ಲೇ ಬಸ್ಸಿಳಿಯೋಳು ನಾನು. ರೋಡ್ ಮೇಲೆ ಏನೇನು ಬಿದ್ದಿರ್ತದೆ ಅಂತ ನಂಗೊತ್ತು."

ಅವಳು ಬೆಳ್ಳೂರು ಕ್ರಾಸಿನ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದಳು. ತವರು ಪಾಂಡವಪುರದ ಕಡೆಯ ಚಿನಕುರಳಿ. ಅವಳಪ್ಪ ಮರಗೆಲಸದವನು. ಅವನ ತೇಗದ ಹಲಗೆಗಳ ಸಂದಿಯಲ್ಲಿ ಹುಟ್ಟಿದ ಮರಿ ಇದು. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಹಾಲು ಕುದ್ದು ಸಕ್ಕರೆಯಾದ ಮೇಲೆ ಉಳಿಯುವ ಕಪ್ಪುಗೆಂಪು ಪಾಕವಿದೆಯಲ್ಲ, ಅದರ ಬಣ್ಣ ಅಂತ ಅವನೇ ಕಾಕಂಬಿ ಎಂದು ಕರೆದ. ಅವನು ತೀರಿಕೊಂಡ ಮೇಲೆ ಯಶಸ್ವಿನಿಯ ತಾಯಿ ಶ್ರೀರಂಗಪಟ್ಟಣದಲ್ಲಿದ್ದ ದೊಡ್ಡ ಮಗಳ ಮನೆಗೆ ಹೋದಳು. ಅದು ಮಹಡಿಯ ಮೇಲಿನ ಬಾಡಿಗೆ ಮನೆ, ಯಜಮಾನ ನಾಯಿ ಬೇಡವೆಂದ. ಯಶಸ್ವಿನಿ ಹೋಗಿ ಕಾಕಂಬಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕಾರಿನಲ್ಲಿ ತಂದಿದ್ದಳು. ಅಪ್ಪನ ಮನೆಯಿಂದ ಅವಳು ಕೇಳಿ ತಂದದ್ದು ಅದೊಂದೇ.

"ನಾಯಿಗೆ ಕಾಕಂಬಿ ಅಂತ ಎಸ್ರು ಮಡಗ್ತಾರಾ?" ಎಂದು ಅಂದು ಸುಬ್ಬಮ್ಮ ಕೇಳಿದ್ದಳು. ಮುಟ್ಟಿರಲಿಲ್ಲ, ಇವತ್ತಿನ ತನಕವೂ ಮುಟ್ಟಿಲ್ಲ. ಉಳಿದ ಮುದ್ದೆಯನ್ನು ದೂರದಿಂದ ಬಟ್ಟಲಿಗೆ ಹಾಕುವುದು, ಅಡುಗೆಮನೆಗೆ ಕಾಲಿಟ್ಟರೆ ಸೌಟು ತೋರಿಸುವುದು. ಅಷ್ಟೇ ನಂಟು.

"ಕೂದ್ಲೇ ತಾನೆ ತೊಂದ್ರೆ?" ಎಂದಳು ಯಶಸ್ವಿನಿ. "ಸಂಕ್ರಾಂತಿ ತನಕ ಬಿಡಿ. ಮನೇಲಿ ಒಂದು ಕೂದ್ಲು ಇಲ್ದಂಗೆ ನಾನು ನೋಡ್ಕೋತೀನಿ."

"ಬೆಳಗ್ಗೆ ಎಂಟಕ್ಕೆ ಬಸ್ ಅತ್ತಿದ್ರೆ ಬರಾದು ಕತ್ಲಾದ್ಮೇಲೆ. ಯಾವಾಗ ನೋಡ್ಕತೀಯ?" ಎಂದ ಶಿವು.

"ನಾನು ನೋಡ್ಕತೀನಿ ಬುಡ್ಲಾ," ಎಂದ ಲಕ್ಷ್ಮಣಾಚಾರಿ.

ಎಲ್ಲರೂ ಅವನ ಕಡೆ ತಿರುಗಿದರು. ಕಣ್ಣಿನ ಪೊರೆ ತೆಗೆಸಿದ ಮೇಲೆ ಕೈ ವಸಿ ನಡುಗುತ್ತದೆಂದು ಶಿವು ಅಪ್ಪನನ್ನು ಹಲಗೆಯ ಮುಂದಿನಿಂದ ಎಬ್ಬಿಸಿದ್ದ. ಅಂದಿನಿಂದ ಅವನಿಗೆ ಪೇಪರು, ಜಗಲಿ, ಸರ್ಕಾರ ಬೈಯುವುದು. ಸುಮ್ಮನೆ ಕುಳಿತಾಗಲೂ ಅವನ ಹೆಬ್ಬೆರಳು ತೋರುಬೆರಳಿನ ಮೇಲೆ ಏನನ್ನೋ ತಿಕ್ಕುತ್ತಲೇ ಇರುವುದನ್ನು ಸುಬ್ಬಮ್ಮ ನೋಡಿಯೂ ನೋಡದ ಹಾಗಿದ್ದಳು.

"ನೀವಾ?" ಎಂದಳು ಈಗ. "ಎತ್ತ ಮಗೀಗೆ ಒಂದು ದಿನ ನೀರು ಉಯ್ದೋರಲ್ಲ ನೀವು."

"ಮಗ ಉದುರುಸ್ತಿರ್ನಿಲ್ವಲ್ಲ ಕೂದ್ಲ," ಎಂದ ಆಚಾರಿ, ಸಾರು ಸುರಿದುಕೊಂಡು.

ಮಾರನೆಯ ಬೆಳಗ್ಗೆ ಸುಬ್ಬಮ್ಮ ಪಾತ್ರೆ ಬೆಳಗಲು ಹಿತ್ತಲಿಗೆ ಹೋದರೆ, ಗಂಡ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು ಹಳೆಯ ಸೈಕಲ್ ಟ್ಯೂಬು ಕತ್ತರಿಸುತ್ತಿದ್ದ. ಅಂಗೈ ಅಗಲದ ತುಂಡು, ಹಿಂದೆ ಬೆರಳು ತೂರಿಸಲು ಒಂದು ಪಟ್ಟಿ. ಮೇಲೆ ಉಳಿಯಿಂದ ಸಾಲು ಸಾಲಾಗಿ ಸಣ್ಣ ಕಚ್ಚು ಹಾಕಿದ್ದ. ಬಳೆಗೆ ಚಿತ್ತಾರ ಕೊರೆಯುವವನ ಕಚ್ಚು, ಒಂದು ಸಾಲೂ ಸೊಟ್ಟಗಿರಲಿಲ್ಲ.

"ಅದ್ಯಾಕೆ ಅಷ್ಟು ಅಂದ? ನಾಯಿ ಏನು ನೋಡ್ತದಾ?"

"ನಾನು ನೋಡ್ತೀನಲ್ಲ."

ರಬ್ಬರನ್ನು ಅಂಗೈಗೆ ಹಾಕಿಕೊಂಡು, ನೀರಿನಲ್ಲಿ ಅದ್ದಿ ಕೊಡವಿ, ಕಾಕಂಬಿಯ ಕತ್ತಿನಿಂದ ಬಾಲದ ಕಡೆಗೆ ಒಂದು ಸಲ ಎಳೆದ. ಕೂದಲು ಮುದ್ದೆಯಾಗಿ ಸುತ್ತಿಕೊಂಡು ಬಂತು. ಇನ್ನೊಂದು ಎಳೆದ, ಮತ್ತೆ ಬಂತು. ನಾಯಿಗೆ ಮೊದಲು ಗಾಬರಿ, ಆಮೇಲೆ ಅನುಮಾನ, ಆಮೇಲೆ ಕಣ್ಣು ಅರ್ಧ ಮುಚ್ಚಿತು. ಪಕ್ಕೆಗೆ ಬಂದಾಗ ಹಿಂಗಾಲು ತಾನಾಗಿಯೇ ಗಾಳಿಯಲ್ಲಿ ಕೆರೆಯತೊಡಗಿತು. ಸುಬ್ಬಮ್ಮ ಬೂದಿ ಹಿಡಿದ ಕೈಯಲ್ಲೇ ನಿಂತು ನೋಡಿದಳು. ಅದರ ಮೈಮೇಲಿನ ಕೂದಲು ಒಂದು ಅಕ್ಕಿಕಾಳಿನ ಉದ್ದವೂ ಇಲ್ಲ. ಕಲ್ಲಿನ ಪಕ್ಕದಲ್ಲಿ ಆಗಲೇ ಒಂದು ಗುಡ್ಡೆ ಬಿದ್ದಿತ್ತು.

"ಇನ್ನೊಂದು ನಾಯಿ ಆಗೋವಷ್ಟು ಬಂತಲ್ಲ. ಎಲ್ಲಿ ಮಡಿಕ್ಕೊಂಡಿತ್ತು ಇಷ್ಟನ್ನ?"

"ಅದೇ ನಂಗೂ ಗೊತ್ತಾಗ್ಲಿಲ್ಲ ಕಣೆ," ಎಂದ ಆಚಾರಿ. ಅವನ ದನಿ ಯಾಕೋ ಸಣ್ಣದಾಗಿತ್ತು.

ದಿನವೂ ಅದೇ ನಡೆಯಿತು. ಅಂಗಡಿ ಬಾಗಿಲು ತೆಗೆಯುವ ಮುಂಚೆ ರಬ್ಬರಿನ ಕೈ, ಆಮೇಲೆ ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ. ಕಿವಿಯ ಒಳಗೆ ಬೆರಳಿಗೆ ಹತ್ತಿ ಸುತ್ತಿ ಒರೆಸಿದ. ಬೆಳೆದ ಉಗುರುಗಳನ್ನು ಚಿನ್ನ ಉಜ್ಜುವ ಸಣ್ಣ ಅರದಲ್ಲಿ ಉಜ್ಜಿದ. ಕಾಕಂಬಿ ಒಂದೊಂದೇ ಕಾಲನ್ನು ಅವನ ಕೈಗೆ ಕೊಟ್ಟು, ಬಳೆ ತೊಡಿಸಿಕೊಳ್ಳುವ ಹೆಂಗಸಿನ ಹಾಗೆ ಬೇರೆ ಕಡೆ ನೋಡುತ್ತ ಕೂರುತ್ತಿತ್ತು. ಶಿವು ಒಳಗಿನಿಂದಲೇ, "ಅಪ್ಪ, ಆ ಅರ ಮತ್ತೆ ಅಂಗಡಿಗೆ ತರಬ್ಯಾಡ," ಎಂದು ಕೂಗಿದ. ಆದರೆ ಕೆಲಸದ ಹಲಗೆಯ ಮೇಲೆ ಕೂದಲು ಕಾಣುತ್ತಿರಲಿಲ್ಲ, ಅವನಿಗೂ ಅದು ಗೊತ್ತಿತ್ತು.

ಒಂದು ಬೆಳಗ್ಗೆ, ಒಲೆಯ ಮೇಲೆ ಹಾಲಿರುವಾಗಲೇ ಆಚಾರಿ ಕೂಗಿದ. "ಇವ್ಳೇ, ವಸಿ ಬಾ ಇಲ್ಲಿ."

"ಆಲು ಉಕ್ತದೆ."

"ಉಕ್ಲಿ, ಬಾ."

ನಲವತ್ತು ವರ್ಷ ಸಂಸಾರ ಮಾಡಿದವಳಿಗೆ ಹಾಲು ಉಕ್ಕಲಿ ಎಂದ ಗಂಡನನ್ನು ನೋಡಿಯೇ ಗೊತ್ತಿರಲಿಲ್ಲ. ಒಲೆ ಆರಿಸಿ ಹೋದಳು. ಅವನ ಅಂಗೈ ಮೇಲೆ ಒಂದು ಬಿಳಿ ಕಾಗದ, ಕಾಗದದ ಮೇಲೆ ಒಂದೇ ಒಂದು ಕೂದಲು. ಭೂತಗನ್ನಡಿಯನ್ನು ಅವಳ ಕಣ್ಣಿಗೆ ಅವನೇ ಇಟ್ಟ.

ಮೊದಲು ಬರೀ ಮಂಜು. ಕತ್ತು ಹಿಂದೆ ಮುಂದೆ ಮಾಡಿದ ಮೇಲೆ ಇದ್ದಕ್ಕಿದ್ದಂತೆ ಒಂದು ಕೋಲು ಕಾಣಿಸಿತು. ಬುಡದಲ್ಲಿ ಬೂದಿಯ ಬಣ್ಣ. ಅದು ಮೇಲೇರುತ್ತ ಏರುತ್ತ, ಎಲ್ಲಿ ಬದಲಾಯಿತೋ ತಿಳಿಯದ ಹಾಗೆ, ಹೊನ್ನಿನ ಬಣ್ಣಕ್ಕೆ ತಿರುಗಿತ್ತು. ಪಾಲೀಷಿನ ಹೊಳಪಿನ ಹೊನ್ನಲ್ಲ, ಆಗ ತಾನೇ ಕರಗಿ ಮೂಸೆಯಲ್ಲಿ ಒಮ್ಮೆ ಕಣ್ಣು ಬಿಡುತ್ತದಲ್ಲ, ಆ ಹೊನ್ನು. ತುದಿಯಲ್ಲಿ ಕಾಡಿಗೆಯಂಥ ಕಪ್ಪು.

ಸುಬ್ಬಮ್ಮ ಕನ್ನಡಿ ತೆಗೆದು ನಾಯಿಯನ್ನು ನೋಡಿದಳು. ಮಾಮೂಲಿ ಕಪ್ಪುಗೆಂಪು ನಾಯಿ, ಕಿವಿ ಕೆರೆದುಕೊಳ್ಳುತ್ತಿತ್ತು. ಮತ್ತೆ ಕನ್ನಡಿ ಇಟ್ಟುಕೊಂಡಳು. ಮತ್ತೆ ಅದೇ ಹೊನ್ನು.

"ಒಂದೇ ಎಳೆ, ಮೂರು ಬಣ್ಣ," ಎಂದ ಆಚಾರಿ. "ಎಲ್ಲಾದ್ರೂ ಬೆಸುಗೆ ಕಾಣ್ತದಾ ನೋಡು."

"ಇಲ್ಲ."

"ನಮ್ಮಪ್ಪ ಮಾಡಿದ ಕೆಲ್ಸದಲ್ಲೂ ನಂಗೆ ಬೆಸುಗೆ ಕಾಣ್ತಿತ್ತು. ಇದ್ರಲ್ಲಿ ಕಾಣಾಕಿಲ್ಲ. ಇಂಥವು ಅದರ ಮೈಮೇಲೆ ಎಷ್ಟವೆ ಏಳು. ಉದುರೋಗ್ತವೆ, ಮತ್ತೆ ಬರ್ತವೆ. ನಾವು ಪೊರಕೇಲಿ ಗುಡಿಸಾಕ್ತೀವಿ."

ಸಂಜೆ ಯಶಸ್ವಿನಿಗೂ ತೋರಿಸಿದರು, ಶಿವುವಿಗೂ ತೋರಿಸಿದರು. ಶಿವು ಬಹಳ ಹೊತ್ತು ಕನ್ನಡಿಯಲ್ಲಿ ಕಣ್ಣಿಟ್ಟಿದ್ದು, "ಹೂಂ," ಎಂದು ಕೊಟ್ಟುಬಿಟ್ಟ. ಆದರೆ ಕೈತೊಳೆದು ಬಂದವನು ಇನ್ನೊಂದು ಸಲ ಕೇಳಿ ಇಸಿದುಕೊಂಡು ನೋಡಿದ.

ಅಲ್ಲಿಗೆ ನಿಲ್ಲಿಸಿದ್ದರೆ ಎಲ್ಲ ಚೆನ್ನಾಗಿತ್ತು. ಆದರೆ ನಡುವೆ ಹೊನ್ನಿದೆ ಎಂದು ಗೊತ್ತಾದ ಮೇಲೆ ಅಕ್ಕಸಾಲಿಗನಿಗೆ ಸುಮ್ಮನಿರಲು ಆಗುವುದಿಲ್ಲ. ಮೇಲಿನ ಮಬ್ಬು ಹೋದರೆ ಒಳಗಿನ ಬಣ್ಣ ಎದ್ದು ಬರುತ್ತದೆ, ಅವನ ಕೈ ಕಲಿತಿದ್ದೇ ಅದು. ಮಾಸಿದ ಸರ ಅಂಗಡಿಗೆ ಬಂದರೆ ಏನು ಮಾಡುತ್ತಾರೆ? ಅಂಟುವಾಳದ ಕಾಯಿ ನೆನೆಸಿ, ನೊರೆ ಎಬ್ಬಿಸಿ, ಮೆತ್ತನೆಯ ಬ್ರಷ್ಷಿನಲ್ಲಿ ತಿಕ್ಕುತ್ತಾರೆ. ಅಂಟುವಾಳ ಒಣಗಿಸಿ ಡಬ್ಬದಲ್ಲಿ ಇಟ್ಟಿದ್ದವಳು ಸುಬ್ಬಮ್ಮ. ಕೇಳಿದಾಗ ಕೈತುಂಬ ಎತ್ತಿ ಕೊಟ್ಟವಳೂ ಅವಳೇ.

ಮೊದಲ ದಿನ ಕಾಕಂಬಿ ಮಿಂದು ಬಿಸಿಲಿಗೆ ನಿಂತಾಗ, ಬೀದಿಯ ಹೆಂಗಸರು ಗೋಡೆಯಾಚೆಯಿಂದ ಇಣುಕಿ ಏನು ಹಚ್ಚಿದಿರಿ ಎಂದು ಕೇಳಿದರು. ಆ ಮಾತಿನ ರುಚಿ ಹತ್ತಿತು. ಮಾರನೆಯ ದಿನವೂ ಅಂಟುವಾಳ, ಅದರ ಮಾರನೆಯ ದಿನವೂ. ಆ ಮಾಗಿಯ ಚಳಿಯಲ್ಲಿ ನಾಯಿ ನಡುಗುತ್ತ ನಿಲ್ಲುತ್ತಿತ್ತು. "ಇನ್ನೊಂದು ದಪ ಕಣವ್ವ, ಮುಗೀತು," ಎನ್ನುತ್ತ ಆಚಾರಿ ತಿಕ್ಕುತ್ತಿದ್ದ. ಅಂಗಡಿಯಲ್ಲಿ ಕೂದಲು ಮತ್ತೆ ಕಾಣಿಸಿಕೊಂಡಾಗ, ಕೊಳೆ ಇನ್ನೂ ಹೋಗಿಲ್ಲವೆಂದು ಇನ್ನಷ್ಟು ತಿಕ್ಕಿದ.

ಒಂದು ಭಾನುವಾರ ಯಶಸ್ವಿನಿ ಬಿಸಿಲಿನಲ್ಲಿ ಕಾಕಂಬಿಯ ತಲೆಯನ್ನು ತೊಡೆಗೆ ಹಾಕಿಕೊಂಡವಳು ಕೈ ಹಿಂದಕ್ಕೆ ತೆಗೆದಳು. ಬೆನ್ನಿನ ಮೇಲೆ ಹೊಟ್ಟಿನಂತೆ ಚರ್ಮ ಏಳುತ್ತಿತ್ತು. ಪಕ್ಕೆಯಲ್ಲಿ ಅಂಗೈ ಅಗಲ ಕೂದಲೇ ಇರಲಿಲ್ಲ, ಕೆಂಪಗೆ ಹಸಿಯಾಗಿತ್ತು. ಅಲ್ಲಿಗೆ ಬೆರಳು ತಾಗಿದರೆ ನಾಯಿ ಕುಂಯ್ ಎನ್ನುತ್ತಿತ್ತು.

"ಮಾವ, ದಿನಾ ಏನು ಹಾಕ್ತಿದ್ರಿ ಇದಕ್ಕೆ?"

"ಅಂಟುವಾಳ. ಒಳ್ಳೇದೇ ಅಲ್ವಾ? ನಿಮ್ಮತ್ತೆ ತಲೆಗೆ ಹಾಕ್ಕೊತಾಳೆ."

"ದಿನಾನಾ?"

ಆಚಾರಿ ಕೈಲಿದ್ದ ಬ್ರಷ್ಷನ್ನು ಬೆನ್ನ ಹಿಂದಕ್ಕೆ ಸರಿಸಿದ.

"ಇದು ಒಡವೆ ಅಲ್ಲ ಮಾವ, ಚರ್ಮ. ನೋಯ್ತದೆ. ನೋಯ್ತಾ ಇದ್ರೂ ನಿಮ್ಮುಂದೆ ನಿಂತ್ಕೊಂಡದೆ." ಮದುವೆಯಾಗಿ ಬಂದ ಮೇಲೆ ಮಾವನಿಗೆ ಎದುರಾಗಿ ಅವಳು ಅಷ್ಟು ಮಾತಾಡಿದ್ದು ಅದೇ ಮೊದಲು.

"ಅಲ್ಲಪ್ಪ, ಸರ ತಿಕ್ದಂಗೆ ತಿಕ್ಬುಟ್ಟಿದ್ದೀಯಲ್ಲ," ಎಂದ ಶಿವು ಬಾಗಿಲಿನಲ್ಲಿ ನಿಂತು. "ಕೈಗೆ ಕೆಲ್ಸ ಇಲ್ಲ ಅಂದ್ರೆ ಇಂಗಾ?"

ಸುಬ್ಬಮ್ಮನಿಗೆ ರೇಗಿತು. "ಕೆಲ್ಸದಿಂದ ಎಬ್ಬಿಸ್ದೋನು ಯಾರ್ಲಾ? ಈಗ ಕೈಗೆ ಕೆಲ್ಸ ಇಲ್ಲ ಅಂತ ನೀನೇ ಆಡಾದಾ? ಅಂಟುವಾಳ ಕೊಟ್ಟೋಳು ನಾನು. ನನ್ನನ್ನೂ ಅನ್ನು."

ಶಿವು ಒಳಗೆ ಹೋದ. ಆಚಾರಿ ಬ್ರಷ್ಷನ್ನು ಕಲ್ಲಿನ ಮೇಲಿಟ್ಟು, ಕೈ ನೋಡಿಕೊಳ್ಳುತ್ತ ಕುಳಿತ. ಅಂದು ಅವನು ಊಟಕ್ಕೆ ಏಳಲಿಲ್ಲ.

ಮಾರನೆಯ ದಿನ ಯಶಸ್ವಿನಿ ಕೆಲಸಕ್ಕೆ ರಜೆ ಹಾಕಿ ಕಾಕಂಬಿಯನ್ನು ಪಶು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಆಚಾರಿ ಹಿಂದೆ ಹಿಂದೆ ನಡೆದ, ಗಂಡನೊಬ್ಬನನ್ನೇ ಬಿಡಲಾರದೆ ಸುಬ್ಬಮ್ಮನೂ ಹೋದಳು. ಹಸುವಿಗೆ ಸೂಜಿ ಹಾಕಿ ಕೈ ತೊಳೆಯುತ್ತಿದ್ದ ಡಾಕ್ಟರಮ್ಮ ನಾಯಿಯ ಮೈಮೇಲೆ ಬೆರಳಾಡಿಸಿ ಎಲ್ಲವನ್ನೂ ಕೇಳಿದಳು.

"ಗಿಡ್ಡ ಕೂದ್ಲಿನ ನಾಯಿಗೆ ತಿಂಗಳಿಗೊಂದು ಸ್ನಾನ ಸಾಕು ಯಜಮಾನ್ರೇ. ಅದರ ಚರ್ಮಾನೇ ಎಣ್ಣೆ ಬಿಡ್ತದೆ. ಹೊಳಪು ಅಂತೀರಲ್ಲ, ಅದು ಆ ಎಣ್ಣೇದು. ನೀವು ಅದನ್ನ ತೊಳ್ದು ತೊಳ್ದು ತೆಗ್ದಿದ್ದೀರಿ. ಈ ಮುಲಾಮು ಹಚ್ಚಿ. ನೀರು ಬೇಡ, ಬ್ರಷ್ ಬೇಡ. ಮೊಟ್ಟೆ ಕೊಡಿ."

"ಮೊಟ್ಟೆಯಾ?" ಎಂದಳು ಸುಬ್ಬಮ್ಮ. ಅವರ ಮನೆಯ ಒಲೆಯ ಮೇಲೆ ಮೊಟ್ಟೆ ಬೆಂದದ್ದಿಲ್ಲ.

"ನಾನೇನು ಮಾಡ್ಲಿ ಆಮೇಲೆ?" ಎಂದ ಆಚಾರಿ.

"ಏನೂ ಮಾಡ್ಬೇಡಿ. ಕಾಯಿರಿ."

ಜೀವಮಾನವೆಲ್ಲ ತಿಕ್ಕಿ ಬದುಕಿದವನಿಗೆ ಅದಕ್ಕಿಂತ ಕಷ್ಟದ ಕೆಲಸ ಯಾರೂ ಹೇಳಿರಲಿಕ್ಕಿಲ್ಲ. ಮೊಟ್ಟೆಯನ್ನು ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಅವನೇ ಬೇಯಿಸಿದ, ಸುಬ್ಬಮ್ಮ ಮೂಗಿಗೆ ಸೆರಗು ಹಿಡಿದು ಸೌದೆ ತಂದುಕೊಟ್ಟಳು. ಮುಲಾಮನ್ನು ಬೆಳಗ್ಗೆ ಸಂಜೆ ಯಶಸ್ವಿನಿ ಹಚ್ಚುತ್ತಿದ್ದಳು. ಆಚಾರಿ ಹಚ್ಚಲು ಹೋದರೆ ಆಗುತ್ತಿರಲಿಲ್ಲ. ಅವನು ಹಿತ್ತಲಿಗೆ ಬಂದರೆ ಸಾಕು, ಕಾಕಂಬಿ ಬಾಲ ಒಳಗೆ ಮಾಡಿಕೊಂಡು ಮಂಚದ ಕೆಳಗೆ ನುಸುಳುತ್ತಿತ್ತು. ಕರೆದರೂ ಬರುತ್ತಿರಲಿಲ್ಲ, ಕತ್ತಲಲ್ಲಿ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು. ಆಚಾರಿ ಮಂಡಿಯೂರಿ ಬಗ್ಗಿ ನೋಡುತ್ತಿದ್ದ, ಆಮೇಲೆ ಮೊಟ್ಟೆಯ ಬಟ್ಟಲನ್ನು ಅಲ್ಲೇ ಸರಿಸಿಟ್ಟು ಎದ್ದು ಹೋಗುತ್ತಿದ್ದ.

ಸಂಕ್ರಾಂತಿಗೆ ಎಳ್ಳುಬೆಲ್ಲಕ್ಕೆಂದು ಬಂದ ತಮ್ಮಯ್ಯ ತನ್ನ ಗೂಡ್ಸ್ ಆಟೋದಲ್ಲಿ ಹೊಸ ಚೈನನ್ನೂ ತಂದಿದ್ದ. ನಾಯಿಯನ್ನು ಹೊರಗೆ ಕರೆದಾಗ ಎರಡು ಹೆಜ್ಜೆ ಹಿಂದೆ ಸರಿದ.

"ಏನ್ ಭಾವ ಇದು? ಕಜ್ಜಿ ನಾಯಿ. ಇಡ್ಲಿ ತಿನ್ನಾಕೆ ಬಂದೋರು ಇದನ್ನ ನೋಡಿದ್ರೆ ಕೈ ತೊಳ್ಕೊಂಡು ಎದ್ದೋಯ್ತಾರೆ."

"ಕಜ್ಜಿ ಅಲ್ಲ. ನಾನು ಕೆಡ್ಸಿದ್ದು," ಎಂದ ಆಚಾರಿ.

"ಯಾರು ಕೆಡ್ಸುದ್ರೇನು. ವಾಸಿಯಾಗಿ ಕೂದ್ಲು ಬರ್ಲಿ, ಆಮ್ಯಾಕೆ ಬತ್ತೀನಿ." ಚೈನನ್ನು ಹಿತ್ತಲ ಗೋಡೆಯ ಮೊಳೆಗೆ ನೇತುಹಾಕಿ, ಎಳ್ಳಿನ ಪೊಟ್ಟಣ ತೆಗೆದುಕೊಂಡು ಹೋದ.

ಹೀಗೆ ಒಂದು ವಿಚಿತ್ರ ಸಂಕಟ ಆ ಮನೆಗೆ ಬಂತು. ಮೈ ವಾಸಿಯಾಗದಿದ್ದರೆ ನಾಯಿ ಉಳಿಯುತ್ತದೆ, ವಾಸಿಯಾದರೆ ಹೋಗುತ್ತದೆ. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಮುಲಾಮು ಹಚ್ಚುವಾಗ ಯಶಸ್ವಿನಿಯ ಬೆರಳು ನಿಧಾನವಾಗುವುದು, ಆಮೇಲೆ ತನ್ನ ಮೇಲೇ ಸಿಟ್ಟಾದವಳಂತೆ ಮತ್ತಷ್ಟು ಹಚ್ಚುವುದು ಸುಬ್ಬಮ್ಮನ ಕಣ್ಣಿಗೆ ಬಿತ್ತು. ಆ ಹುಡುಗಿ ಅಳುವುದಿಲ್ಲ. ಅಪ್ಪ ಸತ್ತಾಗಲೂ ಊಟಕ್ಕೆ ಬಡಿಸುತ್ತಿದ್ದವಳು.

ಒಂದು ಮಧ್ಯಾಹ್ನ ಬಸ್ಸಾರಿಗೆ ಸೊಪ್ಪು ಬಿಡಿಸುತ್ತ ಸುಬ್ಬಮ್ಮ ಗಂಡನ ಹತ್ತಿರ ದನಿ ತಗ್ಗಿಸಿದಳು.

"ನಾನು ಒಂದು ಮಾತು ಏಳ್ತೀನಿ, ಬೈಬ್ಯಾಡಿ. ಡಬ್ಬದಲ್ಲಿ ಇನ್ನೂ ವಸಿ ಅಂಟುವಾಳ ಅದೆ. ಆಗಾಗ ಒಂದೊಂದು ದಪ ಹಚ್ಚಿದ್ರೆ..."

ಆಚಾರಿ ಅವಳನ್ನು ನೋಡಿದ. "ನಾಯಿ ಬ್ಯಾಡ ಅಂತಿದ್ದೋಳು ನೀನೇ ಅಲ್ವಾ?"

"ನಾಯಿ ಈಗ್ಲೂ ಬ್ಯಾಡ. ಸೊಸೆ ಮುಖ ನೋಡಾಕೆ ಆಗಾಕಿಲ್ಲ."

"ಅದು ಓಗ್ಲಿ ಇರ್ಲಿ, ಅದು ಬ್ಯಾರೆ. ಕೆಡಿಸಿದ ಕೆಲ್ಸಾನ ಅಂಗೇ ಬುಟ್ಟು ಕಳ್ಸಾಕೆ ನನ್ ಕೈಲಿ ಆಗಾಕಿಲ್ಲ ಕಣೆ. ಅದಕ್ಕೆ ನೋಯ್ಸುದ್ದು ಒಂದು ದಪ ಸಾಕು."

ಸುಬ್ಬಮ್ಮ ಎದ್ದು ಹೋಗಿ ಅಂಟುವಾಳದ ಡಬ್ಬವನ್ನು ಪಕ್ಕದ ಮನೆಯವರಿಗೆ ಕೊಟ್ಟು ಬಂದಳು.

ಕೆಂಪು ಮೊದಲು ಗುಲಾಬಿಯಾಯಿತು, ಗುಲಾಬಿ ಮೇಲೆ ಹೊಟ್ಟು ಉದುರಿತು. ಆಮೇಲೆ ಎಷ್ಟೋ ದಿನ ಏನೂ ಇಲ್ಲ. ಆಮೇಲೊಂದು ಬೆಳಗ್ಗೆ ಓರೆ ಬಿಸಿಲಿನಲ್ಲಿ ಸುಬ್ಬಮ್ಮನೇ ಮೊದಲು ನೋಡಿದಳು. ಬರಿದಾಗಿದ್ದ ಪಕ್ಕೆಯ ಮೇಲೆ, ಬಿತ್ತಿದ ರಾಗಿ ಮಣ್ಣೊಡೆದು ಮೊಳೆತ ಹಾಗೆ, ನೋಡಿದರೆ ಉಂಟು ಕಣ್ಣು ಹೊರಳಿಸಿದರೆ ಇಲ್ಲ ಎನ್ನುವಷ್ಟು ಸಣ್ಣಗೆ, ಕೂದಲು ಬರುತ್ತಿತ್ತು. ಅವಳು ಯಾರನ್ನೂ ಕರೆಯಲಿಲ್ಲ. ಪೊರಕೆ ಹಿಡಿದುಕೊಂಡೇ ಬಹಳ ಹೊತ್ತು ನಿಂತಿದ್ದಳು. ಯಾರೂ ಕೈ ಹಾಕಿರಲಿಲ್ಲ. ಯಾರ ಕೈಯೂ ಇಲ್ಲದೆ ಅದು ಬರುತ್ತಿತ್ತು.

ದಿನದಿಂದ ದಿನಕ್ಕೆ ಅದು ದಟ್ಟವಾಯಿತು. ಆಚಾರಿ ಬೆಳಗ್ಗೆ ಬಂದು ಕಲ್ಲಿನ ಮೇಲೆ ಬರಿಗೈಯನ್ನು ಮಂಡಿಯ ಮೇಲಿಟ್ಟು ಕೂರುತ್ತಿದ್ದ. ಕರೆಯುತ್ತಿರಲಿಲ್ಲ. ಕಾಕಂಬಿ ಬಾಗಿಲ ತನಕ ಬರುತ್ತಿತ್ತು, ನಿಲ್ಲುತ್ತಿತ್ತು, ಹಿಂದಿರುಗುತ್ತಿತ್ತು. ಇನ್ನೊಂದು ದಿನ ತುಳಸಿಕಟ್ಟೆಯ ತನಕ ಬಂತು. ಆಮೇಲೊಮ್ಮೆ, ಸುಬ್ಬಮ್ಮ ಪಾತ್ರೆ ಬೆಳಗುತ್ತಿರುವಾಗ, ಸೀದಾ ನಡೆದು ಬಂದು, ಅವನ ಕಡೆ ನೋಡದೆ, ಆ ಗಾಯವಿದ್ದ ಪಕ್ಕೆಯನ್ನೇ ಅವನ ಮಂಡಿಗೆ ಒತ್ತಿ ನಿಂತುಬಿಟ್ಟಿತು.

ಆಚಾರಿ ಅಲ್ಲಾಡಲಿಲ್ಲ. "ಮುಟ್ಲಾ?" ಎಂದ ಹೆಂಡತಿಯ ಕಡೆ ತಿರುಗಿ.

"ನನ್ನೇನು ಕೇಳ್ತೀರಿ? ಅದನ್ನ ಕೇಳಿ."

ಅವನು ಅಂಗೈಯನ್ನು ಬೆನ್ನ ಮೇಲೆ ಸುಮ್ಮನೆ ಇಟ್ಟ. ಎಳೆಯಲಿಲ್ಲ, ತಿಕ್ಕಲಿಲ್ಲ. ನಡುಗುವ ಕೈ ಎಂದು ಮಗ ಹೇಳಿದ್ದ ಕೈ ಅದು. ನಾಯಿ ಉಸಿರಾಡಿದ ಹಾಗೆ ಮೇಲೆ ಕೆಳಗೆ ಆಗುತ್ತಿತ್ತು, ಬೇರೆ ನಡುಕವಿರಲಿಲ್ಲ. ಸುಬ್ಬಮ್ಮ ಸೆರಗಿಗೆ ಕೈ ಒರೆಸಿಕೊಂಡಳು. ಹತ್ತಿರ ಬಂದು, ಬಿಸಿ ಹಂಚು ನೋಡುವ ಹಾಗೆ ಬೆರಳ ಹಿಂಬದಿಯಿಂದ ಕಾಕಂಬಿಯ ಹಣೆ ಮುಟ್ಟಿದಳು. ರೇಷ್ಮೆ ಎನ್ನುತ್ತಾರಲ್ಲ, ಅವಳ ಮದುವೆಯ ಸೀರೆಯೂ ಅಷ್ಟು ನುಣುಪಾಗಿರಲಿಲ್ಲ. ಅದು ಬೆಚ್ಚಗೆ ಬೇರೆ ಇತ್ತು.

ಅದೇ ವಾರ ಶಿವು ಬೈರಮ್ಮನ ಓಲೆಗೆ ಮತ್ತೆ ಕಲ್ಲು ಕೂರಿಸುತ್ತಿದ್ದವನು, "ಅಪ್ಪ, ವಸಿ ನೀನು ಒಂದು ಕಣ್ಣು ಆಕು," ಎಂದು ಜಗಲಿಗೆ ಕೇಳುವ ಹಾಗೆ ಕರೆದ. ಆಚಾರಿ ಹೋಗಿ ಹಲಗೆಯ ಮುಂದೆ ಕುಳಿತ. ಮಗ ಎದ್ದು ಜಾಗ ಬಿಟ್ಟಿದ್ದ. ಓಲೆ ಒಯ್ಯಲು ಲಗ್ನಪತ್ರಿಕೆಯೊಂದಿಗೆ ಬಂದ ಬೈರಮ್ಮ ಹರಳನ್ನು ಬೆಳಕಿಗೆ ಹಿಡಿದು ತೃಪ್ತಿಯಾದ ಮೇಲೆ, ಹೊಸ್ತಿಲಾಚೆ ಬಿಸಿಲಿನಲ್ಲಿ ಮಲಗಿ ಮಿರಿಮಿರಿ ಎನ್ನುತ್ತಿದ್ದುದನ್ನು ನೋಡಿದಳು.

"ಇದು ಅದೇ ನಾಯಾ ಆಚಾರ್ರೇ? ಚಿನ್ನದ ನೀರು ಕುಡ್ಸಿದ್ದೀರಾ?"

"ಇಲ್ಲ ಕಣವ್ವ. ನಾವು ಕೈ ತೆಗ್ದೋ, ಅಷ್ಟೆಯಾ."

ಬೈರಮ್ಮ ನೋಡಿದಳೆಂದರೆ ಬಿಂಡಿಗನವಿಲೆಯಿಂದ ಬೆಳ್ಳೂರಿನ ತನಕ ಸುದ್ದಿ. ಮುಂದಿನ ಸೋಮವಾರ ಬೆಳಗ್ಗೆ ತಮ್ಮಯ್ಯನ ಗೂಡ್ಸ್ ಆಟೋ ಬಾಗಿಲಿಗೆ ಬಂದು ನಿಂತಿತು.

ಬಸ್ಸಿಗೆ ಹೊರಟಿದ್ದ ಯಶಸ್ವಿನಿ ಬ್ಯಾಗು ಹೆಗಲಿಗೆ ಹಾಕಿಕೊಂಡೇ ಹಿತ್ತಲ ಬಾಗಿಲಿನಲ್ಲಿ ನಿಂತಳು. ಆಚಾರಿ ಆಗ ತಾನೇ ಒಣಬಟ್ಟೆಯಲ್ಲಿ ಕಾಕಂಬಿಯ ಮೈ ಒರೆಸಿ ಮುಗಿಸಿದ್ದ. ಬಿಸಿಲು ಗೋಡೆ ಹತ್ತಿ ಇಳಿದು ನಾಯಿಯ ಬೆನ್ನ ಮೇಲೆ ಬಿದ್ದಿತ್ತು. ಅದು ಉಸಿರೆಳೆದಾಗಲೆಲ್ಲ ಕಪ್ಪಿನ ಅಡಿಯಿಂದ ಹೊನ್ನು ಒಂದು ಸಲ ಎದ್ದು, ಕತ್ತಿನಿಂದ ಬಾಲದವರೆಗೆ ಹರಿದು ಹೋಗಿ ಮತ್ತೆ ಮುಳುಗುತ್ತಿತ್ತು. ಕೆರೆಯ ನೀರಿನ ಮೇಲೆ ಗಾಳಿ ಹೋದ ಹಾಗೆ. ಬಾಯಿ ತೆರೆದು ಬಂದ ತಮ್ಮಯ್ಯ ಬಾಯಿ ಮುಚ್ಚಿಕೊಂಡ. ಅವನ ಹಿಂದೆಯೇ ಶಿವುವೂ ಹಿತ್ತಲಿಗೆ ಬಂದ.

ಆಮೇಲೆ ತಮ್ಮಯ್ಯ ಮೊಳೆಯಿಂದ ಚೈನು ತೆಗೆದುಕೊಂಡ. "ಒಳ್ಳೆ ಸಾಮಾನೇ ಮಾಡಿದ್ದೀರ ಭಾವ. ನಡೀಲಿ, ಓಟ್ಲು ಬಾಗ್ಲು ತೆಗೀಬೇಕು."

ಸುಬ್ಬಮ್ಮ ಸೊಸೆಯನ್ನು ನೋಡಿದಳು. ಯಶಸ್ವಿನಿ ಕಾಕಂಬಿಯ ಕಡೆ ನೋಡುತ್ತಿರಲಿಲ್ಲ, ಗಂಡನ ಕಡೆಯೂ ನೋಡುತ್ತಿರಲಿಲ್ಲ. ಗೋಡೆ ನೋಡುತ್ತಿದ್ದಳು. ಸುಬ್ಬಮ್ಮ ಬಾಯಿ ತೆರೆಯುವಷ್ಟರಲ್ಲಿ ಶಿವು ಮಾತಾಡಿದ.

"ಇನ್ನೂ ಮೆರುಗು ಬಾಕಿ ಅದೆ ಮಾವ. ಮುಂದಿನ ವಾರ ಬಾ."

ಸುಬ್ಬಮ್ಮನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಈ ಬೀದಿಯ ಅಕ್ಕಸಾಲಿಗರೆಲ್ಲ ಒಡವೆ ಕೇಳಿಕೊಂಡು ಬಂದವರನ್ನು ಸಾಗಹಾಕುವ ಮಾತು ಅದು. ಮಾವನ ಬಾಯಲ್ಲಿ ಕೇಳಿದ್ದಳು, ಗಂಡನ ಬಾಯಲ್ಲಿ ಕೇಳಿದ್ದಳು, ಆ ಮಾತು ಹೇಳಿದ ಮೇಲೆ ಒಡವೆ ಯಾವತ್ತು ಕೈಗೆ ಬರುತ್ತದೆಂದು ದೇವರಿಗೂ ತಿಳಿಯದು.

ಅಕ್ಕಸಾಲಿಗರ ಮನೆಯಲ್ಲೇ ಹುಟ್ಟಿದ ತಮ್ಮಯ್ಯನಿಗೂ ಅದು ಗೊತ್ತಿತ್ತು. ಅವನು ಶಿವುವನ್ನು ನೋಡಿದ, ಕೈಯಲ್ಲಿದ್ದ ಚೈನು ನೋಡಿದ. "ಮುಂದಿನ ವಾರ ಅಂದ್ರೆ ಯಾವತ್ಲಾ?"

"ಕೆಲ್ಸ ಅಪ್ಪಂದು. ಅಪ್ಪನ್ನೇ ಕೇಳು."

ಆಚಾರಿ ಜೇಬಿನಿಂದ ಭೂತಗನ್ನಡಿ ತೆಗೆದು ಕಣ್ಣಿಗೆ ಇಟ್ಟುಕೊಂಡ. ಕಾಕಂಬಿಯ ಪಕ್ಕೆಗೆ ಮುಖ ತಾಗುವಷ್ಟು ಬಗ್ಗಿ, ಹೊಸ ಕೂದಲನ್ನು ಬೆರಳಿನಿಂದ ಬಿಡಿಸಿ ಬಿಡಿಸಿ, ಗಿರಾಕಿಯ ಮುಂದೆ ಒಡವೆ ನೋಡುವಷ್ಟೇ ಗಂಭೀರವಾಗಿ ನೋಡಿದ.

"ಏಳಾಕಾಗಾಕಿಲ್ಲ ಕಣ್ಲಾ ತಮ್ಮಯ್ಯ," ಎಂದ ಕೊನೆಗೆ, ಕನ್ನಡಿ ತೆಗೆಯದೆ. "ಅಡೀಲಿ ದಿನಾ ಹೊಸವು ಬರ್ತಾನೇ ಅವೆ."

ಯಶಸ್ವಿನಿಯ ಹೆಗಲಿನಿಂದ ಬ್ಯಾಗು ಜಾರಿ ನೆಲಕ್ಕೆ ಬಿತ್ತು. ಅವಳು ಅದನ್ನು ಎತ್ತಿಕೊಳ್ಳಲಿಲ್ಲ.

"ಉಪ್ಪಿಟ್ಟು ಆಗದೆ, ತಿಂದ್ಕೊಂಡು ಓಗು," ಎಂದಳು ಸುಬ್ಬಮ್ಮ ತಮ್ಮನಿಗೆ.

ತಮ್ಮಯ್ಯ ಚೈನನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡ. ಒಳಗೆ ಹೋಗುವ ದಾರಿಯಲ್ಲಿ ಕಾಕಂಬಿಯ ಪಕ್ಕ ಒಂದು ಗಳಿಗೆ ನಿಂತು, ಯಾರೂ ನೋಡುತ್ತಿಲ್ಲವೆಂದುಕೊಂಡು ಅದರ ಬೆನ್ನ ಮೇಲೆ ಕೈಯಾಡಿಸಿದ. ಆಮೇಲೆ ಅಂಗೈ ತಿರುಗಿಸಿ, ಬಣ್ಣವೇನಾದರೂ ಅಂಟಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿಕೊಂಡ.